ನಾಕೂ ನಲವತ್ತರ ಬಸ್ಸು

ನಾ ಕುಷ್ಟಗಿ ಕಡಿಯವ. ಈ ರೂಟಿಗೆ ಬಂದು
ಆರು ವರ್ಷ ಆತು. ಮೊದಲ ದಿನ ಕಾಲುಚೀಲದಾಗ
ಜಿಗಣಿ ಹೊಕ್ಕಿತ್ತು. ರಕ್ತ ನೋಡಿ ನಾ ಚೀರಿದ್ದಕ್ಕ
ಇಡೀ ಬಿ.ಎ. ಫೈನಲ್ ಇಯರ್ ನಕ್ಕಿತ್ತು.
ಡ್ರೈವರ್ ಮೊಯ್ದು ಎಲಿಡಬ್ಬಿಯಿಂದ ಚೂರು ಸುಣ್ಣ ಕೊಟ್ಟ.
"ಹಚ್ಚಿ, ಬಿಡ್ತದೆ" ಅಂದ.
ಜಿಗಣಿ ಬಿಡ್ತು.
ಊರು ಬಿಡಲಿಲ್ಲ.

ಹುದಿಕೇರಿ ದಾಟಿ ಎರಡು ತಿರುವು, ಒಂದು ಏರು,
ಅಲ್ಲಿ ಕಾಲೇಜು. ಹಂಚಿನ ಎರಡು ಸಾಲು, ಒಂದು ಆಟದ ಬಯಲು,
ಬಯಲಿನ ಆಚಿ ತಂತಿ ಬೇಲಿ, ಬೇಲಿಯ ಆಚಿ ಕಾಡು.
ಹಾಕಿ ಚೆಂಡು ಬೇಲಿ ದಾಟಿದರ
ಸಂಜಿ ಐದರ ಮ್ಯಾಲೆ ಯಾರೂ ತರಾಕ ಹೋಗೂದಿಲ್ಲ.
ಆನೆ ಆಡ್ಕೊಳ್ಳಲಿ ಅಂತಾರ.

ಬಸ್ಸು ತುಂಬಿದರ ಒಳಗ ನಾಕೈದು ಭಾಷಾ.
ಮುಂದ ಕೊಡವ ತಕ್ಕ್, ನಡುವ ಅರೆಭಾಷೆ,
ಬಾಗಿಲ ಹತ್ರ ಮಲಯಾಳ, ಕಡೀ ಸೀಟಿನ್ಯಾಗ ಯರವರ ಮಾತು,
ಅದು ಸಣ್ಣ ದನಿಲೆ.
ಬೈಗುಳ ಮಾತ್ರ ಎಲ್ಲರದೂ ನನಗ ತಿಳೀತಾವು.
ನಾ ಬಾಯಿ ತೆರಿಯೂದರಾಗ ಅವರೇ ನನ್ನ ಅಣಕಿಸಿ
"ಎಲ್ಲಿಗ್ರೀ?" ಅಂತಾರ.

ಹೆಣ್ಣುಮಕ್ಕಳಿಗೆ ಮಷೀನು ಸೊನ್ನೆ ಅಂತ ಹೊಡೀತೈತಿ.
ಸೊನ್ನೆ ಆದರೂ ಹರಿದು ಕೈಯಾಗ ಕೊಡಬೇಕು, ರೂಲು.
ಪಂಜಿ ಅದನ್ನ ಮಡಚಿ ಪುಸ್ತಕದಾಗ ಇಡ್ತಾಳ,
ಎಲ್ಲಿತನಕ ಓದೀನಿ ಅನ್ನೂದಕ್ಕ ಗುರುತು.
ಎಸ್ಟೇಟ್ ಲೈನಿನ ಹುಡುಗಿ. ಆಕಿ ಇಳಿಯೂ ಜಾಗ
ಡಿಪೋದ ಪಟ್ಟಿಯೊಳಗ ಇಲ್ಲ, ಮಷೀನಿನ್ಯಾಗೂ ಇಲ್ಲ.
ಹಲಸಿನ ಮರ ಬಂತಂದ್ರ ಮೊಯ್ದು ಗೇರು ಇಳಿಸ್ತಾನ,
ನಾ ಸೀಟಿ ಊದ್ತೀನಿ.

ಹುತ್ತರಿಗೆ ಒಂದು ದಿನ ರಜಾ ಅಂತ ನೋಟೀಸು.
ಆಮ್ಯಾಲಿನ ಮೂರು ದಿನ ಬಸ್ಸಿಗೆ ಬಂದವರು ನಾಕು ಮಂದಿ,
ನಾಕೂ ಲೈನಿನವು.
ಇತಿಹಾಸದ ಸರು ಹೊಳೆನರಸೀಪುರದವರು,
ಪೂರ್ತಿ ಹಾಜರಿ ಕೂಗಿದ್ರಂತ, ಇಲ್ಲದವರ ಹೆಸರೂ ಬಿಡದಂಗ.
ಸಂಜಿಗೆ ಕಿಟಕಿ ತುಂಬ ಕಾಫಿಹಣ್ಣಿನ ವಾಸನಿ,
ಮಂದ್ ಕಡಿಂದ ಕೊಂಬು ಕೊಟ್ಟಿನ ಸದ್ದು.
ಕಡೀ ಸೀಟಿನವು ಅವತ್ತು ಮುಂದ ಬಂದು ಕೂತಿದ್ದವು.
ನಾ ಏನೂ ಅನಲಿಲ್ಲ.

ಮರುದಿನ ನಾಚಪ್ಪ ಕುಂಟಿಕೊಂತ ಹತ್ತಿದ.
ಪರಿಯಕಳಿ ಆಡಿ ಮೊಣಕಾಲ ಕೆಳಗ ಬೆತ್ತದ ಬಾಸುಂಡೆ,
ಪ್ಯಾಂಟು ಮಡಚಿ ಪದಕದಂಗ ತೋರಿಸ್ಕೊಂತ ಬಂದ.
ಚೀಲದಿಂದ ಒಂದು ಹಿಡಿ ಕದಿರು ತೆಗೆದು
ಎಲಿಯಾಗ ಸುತ್ತಿ ಮೊಯ್ದುನ ಕನ್ನಡಿಗೆ ಕಟ್ಟಿದ.
"ಬಾಗಿಲು, ಕಣಜ, ಜೀಪು, ಎಲ್ಲದಕ್ಕೂ ಕಟ್ಟಿ ಆಯ್ತು.
ಬಸ್ಸೊಂದನ್ನ ಯಾಕೆ ಬಿಡೋದು?"
ಪೊಲಿ ಪೊಲಿ ದೇವಾ ಅಂತ ಇಡೀ ಬಸ್ಸು ಕೂಗಿತು.
ಮೊಯ್ದು ಹಾರ್ನ್ ಹೊಡೆದ, ಬೇಕಾದ್ದಕ್ಕಿಂತ ಉದ್ದ.

ಪಂಜಿ ಎದ್ದು ಬಂದಳು. ಕದಿರನ್ನ ಬೆರಳಾಗ ಹಿಡಿದು ನೋಡಿದಳು.
"ನಿಮ್ಮ ಹೊಳೆ ಪಕ್ಕದ ಗದ್ದೆದು" ಅಂದಳು.
"ಕಕ್ಕಡದಲ್ಲಿ ಅವ್ವ ನೆಟ್ಟಿದ್ದು. ನಾನೂ ಎರಡು ಸಾಲು ನೆಟ್ಟಿದ್ದೆ,
ಸೊಟ್ಟ ಅಂತ ನಿಮ್ಮಜ್ಜಿ ಕಿತ್ತು ಹಾಕಿಸಿದ್ರು."
ನಾಚಪ್ಪ ನಕ್ಕ. ಆಮ್ಯಾಲೆ ನಗಲಿಲ್ಲ.
"ಸೊಟ್ಟ ಇತ್ತಾ?" ಅಂದ.
"ಇತ್ತು" ಅಂದಳು.
ಹೋಗಿ ತನ್ನ ಸೀಟಿನ್ಯಾಗ ಕೂತಳು.

ಕೆಟ್ಟ ರೋಡು. ಒಂದೊಂದು ತಗ್ಗಿಗೆ
ಒಂದೆರಡು ಕಾಳು ಉದುರ್ತಿದ್ದವು,
ಮೊಯ್ದುನ ತೊಡಿ ಮ್ಯಾಲೆ, ಗೇರಿನ ಬುಡಕ್ಕ,
ನನ್ನ ಚೀಲದ ಬಾಯಿಗೆ.

ಡಿಪೋದಾಗ ಕ್ಯಾಶು ಸುರುವಿದರ
ನಾಣ್ಯದ ನಡುವ ಐದು ಭತ್ತ.
ಕ್ಲರ್ಕು ಕನ್ನಡಕ ಏರಿಸಿದ. "ಇದೇನ್ರಿ?"
"ಚಿಲ್ಲರಿ" ಅಂದೆ.
ಲೆಕ್ಕಕ್ಕ ಎರಡು ರೂಪಾಯಿ ಕಮ್ಮಿ ಬಿತ್ತು. ಕಿಸೆಯಿಂದ ಕಟ್ಟಿದೆ.
ಕಾಳು ವಾಪಸ್ ಇಸ್ಕೊಂಡೆ.